ಕಾರ್ಡ್ ಕೊಟ್ಟಿರಿ, ರಾತ್ರಿ ಡಾಕ್ಟರನ್ನೂ ಕೊಡಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನನ್ನದು ಬಳ್ಳಾರಿ ಮಗ್ಗುಲಿನ ಸಂಗನಕಲ್ಲು. ನಮ್ಮೂರಿನ ಹೆಸರು ತಮ್ಮ ಕಿವಿಗೆ ಬಿದ್ದಿದ್ದರೆ ಅದು ಗುಡ್ಡದ ಮೇಲಿನ ನವಶಿಲಾಯುಗದ ಕಲ್ಲುಕೊಡಲಿಗಳ ಕಾರಣಕ್ಕೇ ಇರಬೇಕು. ಆ ಕಾಲದವರನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ನಾನು ಬರೆಯುತ್ತಿರುವುದು ಈ ಕಾಲದವರ ಬಗ್ಗೆ, ಅದರಲ್ಲೂ ಸಂಜೆ ಐದರ ಮೇಲೆ ಕಾಯಿಲೆ ಬೀಳುವವರ ಬಗ್ಗೆ.

ನಮ್ಮ ಭಾಗದ ಬಡವರ ಮನೆಗಳಲ್ಲಿ ಬಟ್ಟೆ ಅಂಗಡಿಯ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರಲ್ಲಿ ರೇಷನ್ ಕಾರ್ಡ್, ಆಧಾರ್, ಆಯುಷ್ಮಾನ್ ಕಾರ್ಡ್, ಮಡಿಚಿ ಬಿಳಿಚಿಕೊಂಡ ಇಸಿಜಿ ಕಾಗದ, ಯಾವುದೋ ವರ್ಷದ ಎಕ್ಸ್‌ರೇ. ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಮೊದಲು ಹುಡುಕುವುದು ಆ ಕವರನ್ನೇ. ಇಪ್ಪತ್ತು ವರ್ಷಗಳ ಹಿಂದೆ ಹುಡುಕುತ್ತಿದ್ದುದು ಸಾಲ ಕೊಡುವವರನ್ನು, ಇಲ್ಲವೇ ಒತ್ತೆಯಿಡಲು ಕಿವಿಯೋಲೆಯನ್ನು. ಇದು ಸಣ್ಣ ಬದಲಾವಣೆಯಲ್ಲ. ಹಾಗಾಗಿ ಈ ಪತ್ರವನ್ನು ಕಾರ್ಡಿನ ವಿರುದ್ಧದ ದೂರು ಎಂದು ಯಾರೂ ಓದಬಾರದು.

ಕಾರ್ಡ್ ಜೀವ ಉಳಿಸುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು ನಮ್ಮ ರಾಜ್ಯದಲ್ಲೇ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಬಂದದ್ದು ಬಳ್ಳಾರಿಯೂ ಸೇರಿದ ಆಗಿನ ಗುಲ್ಬರ್ಗ ವಿಭಾಗಕ್ಕೆ. ಯೋಜನೆ ಬಂದಿದ್ದ ಹಳ್ಳಿಗಳನ್ನೂ ಗಡಿಯ ಆಚೆಗಿದ್ದು ಇನ್ನೂ ಬಂದಿರದ ಹಳ್ಳಿಗಳನ್ನೂ ಸಂಶೋಧಕರು ಮನೆಮನೆಗೆ ಹೋಗಿ ಹೋಲಿಸಿದರು. ಬಿಪಿಎಲ್ ಕುಟುಂಬಗಳಲ್ಲಿ, ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಆಗುವ ಸಾವು ಯೋಜನೆ ಇಲ್ಲದ ಕಡೆ ಶೇ 0.90 ಇದ್ದರೆ, ಇದ್ದ ಕಡೆ ಶೇ 0.32. ಈ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ತಮ್ಮ ಇಲಾಖೆ ಇದನ್ನು ಎಷ್ಟು ಹೇಳಿಕೊಂಡರೂ ಕಡಿಮೆಯೇ.

ಆದರೆ ಆರೋಗ್ಯಶ್ರೀ ಆರಂಭವಾದದ್ದು ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗಳಿಗೆ. ಆಸ್ಪತ್ರೆಯವರೇ ಹಳ್ಳಿಗಳಲ್ಲಿ ಶಿಬಿರ ಹಾಕಿ, ರೋಗಿಗಳನ್ನು ಗುರುತಿಸಿ ಕರೆದೊಯ್ಯುತ್ತಿದ್ದರು. ದಾರಿ ಮೊದಲೇ ಹಾಕಿಟ್ಟಿತ್ತು. 2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಬಂತು, ಅದೇ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತದ ಜೊತೆ ಒಂದಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ಒಟ್ಟು 1,650 ಚಿಕಿತ್ಸೆಗಳು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತವನ್ನು 70 ತುಂಬಿದವರೆಲ್ಲರಿಗೂ ವಿಸ್ತರಿಸಿತು. ಕಾರ್ಡ್ ಹಿಗ್ಗಿತು. ಹಳ್ಳಿಯಿಂದ ಆಸ್ಪತ್ರೆಯವರೆಗಿನ ದಾರಿ ಮಾತ್ರ ಮೊದಲಿನಷ್ಟೇ ಅಗಲ ಉಳಿಯಿತು.

ಕಾರ್ಡಿನ ನಿಯಮಗಳನ್ನು ರೋಗಿಯ ಕಡೆಯಿಂದ ಓದಿದರೆ ತೊಡಕು ಕಾಣುತ್ತದೆ. ಹೊರರೋಗಿಯಾಗಿ ತೋರಿಸಿಕೊಂಡರೆ ಕಾರ್ಡು ನಡೆಯುವುದಿಲ್ಲ. ಅಡ್ಮಿಟ್ ಆದರೆ ನಡೆಯುತ್ತದೆ. ಸಾಮಾನ್ಯ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಗೇ ಮೀಸಲು. ದೊಡ್ಡ ಆಪರೇಷನ್ನಿಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕೆಂದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ತುರ್ತು ಎಂದು ಪಟ್ಟಿ ಮಾಡಿದ ಸುಮಾರು 170 ಚಿಕಿತ್ಸೆಗಳಿಗೆ ಮಾತ್ರ ಚೀಟಿ ಬೇಡ. ಜನ ಇದನ್ನು ಬಲು ಬೇಗ ಅರ್ಥ ಮಾಡಿಕೊಂಡಿದ್ದಾರೆ: ಒಪಿಡಿಯಲ್ಲಿ ಚೀಟಿಗಾಗಿ ಅಲೆಯುವುದಕ್ಕಿಂತ ಕ್ಯಾಜುಯಲ್ಟಿಗೆ ಹೋಗುವುದೇ ಮೇಲು. ಸಕ್ಕರೆ ಕಾಯಿಲೆಗೆ ತಿಂಗಳ ಮಾತ್ರೆ ಕೊಡಿಸದ ಕಾರ್ಡು, ಅದೇ ಕಾಯಿಲೆಯಿಂದ ಕಾಲು ಕೊಳೆತರೆ ಆಪರೇಷನ್ನಿಗೆ ದುಡ್ಡು ಕಟ್ಟುತ್ತದೆ. ಇದನ್ನು ಜಾಣತನದ ಲೆಕ್ಕ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಈ ಗೋಜಲು ನಮ್ಮೊಬ್ಬರದೇ ಅಲ್ಲ. ಅಮೆರಿಕದ ಒರೆಗಾನ್ ರಾಜ್ಯ 2008ರಲ್ಲಿ ಬಡವರ ವಿಮೆಯನ್ನು ಲಾಟರಿ ಎತ್ತಿ ಹಂಚಿತು. ವಿಮೆ ಸಿಕ್ಕವರು ಕುಟುಂಬದ ವೈದ್ಯರ ಬಳಿ ಹೋಗುತ್ತಾರೆ, ತುರ್ತು ಘಟಕಗಳು ಹಗುರಾಗುತ್ತವೆ ಎಂಬ ನಿರೀಕ್ಷೆಯಿತ್ತು. ಒಂದೂವರೆ ವರ್ಷದಲ್ಲಿ ತುರ್ತು ಘಟಕಕ್ಕೆ ಅವರ ಭೇಟಿ ಸುಮಾರು ಶೇ 40 ಹೆಚ್ಚಿತು, ಎರಡು ವರ್ಷವಾದರೂ ಇಳಿಯಲಿಲ್ಲ. ಇದನ್ನು ಹಿಡಿದುಕೊಂಡು ವಿಮೆಯೇ ತಪ್ಪು ಎಂದವರೂ ಅಲ್ಲಿದ್ದರು. ನನಗೆ ತೋರುವುದು ಬೇರೆ. ಅದುವರೆಗೆ ದುಡ್ಡಿಲ್ಲದೆ ನೋವು ನುಂಗಿಕೊಂಡು ಮನೆಯಲ್ಲೇ ಕೂತವರು ಆಸ್ಪತ್ರೆಗೆ ಬಂದರು, ಅಷ್ಟೇ. ಬರುತ್ತಾರೆಂದು ಗೊತ್ತಿದ್ದೂ ಜಾಗ ಮಾಡಿಡದಿದ್ದರೆ ಅದು ಬಂದವರ ತಪ್ಪಲ್ಲ.

ಈಗ ನಮ್ಮ ಜಿಲ್ಲೆಯ ವಿಷಯ. ಸಿರುಗುಪ್ಪ ತುಂಗಭದ್ರಾ ಕಾಲುವೆಯ ಭತ್ತದ ನಾಡು. ರಾತ್ರಿ ಪಾಳಿಯಲ್ಲಿ ಗದ್ದೆಗೆ ನೀರು ಕಟ್ಟಲು ಹೋದವರಿಗೆ ಹಾವು ಕಚ್ಚುತ್ತದೆ. ಮೆಣಸಿನಕಾಯಿ, ಹತ್ತಿಗೆ ಹೊಡೆಯುವ ಔಷಧಿ ಮೈಗೆ ಹತ್ತುತ್ತದೆ, ಒಮ್ಮೊಮ್ಮೆ ಬೇಕೆಂದೇ ಕುಡಿದವರೂ ಬರುತ್ತಾರೆ. ಕುರುಗೋಡಿನ ರಸ್ತೆಯಲ್ಲಿ ಬೈಕು, ಟ್ರ್ಯಾಕ್ಟರ್ ಟ್ರೈಲರ್. ಇವೆಲ್ಲ ನಿಜವಾದ ಎಮರ್ಜೆನ್ಸಿಗಳೇ, ನಿಮಿಷದ ಲೆಕ್ಕದವು. ಹಾವಿನ ವಿಷಕ್ಕೆ ಪ್ರತಿವಿಷದ ಮೊದಲ ಬಾಟಲಿಗಳನ್ನು ಹತ್ತಿರದ ಆಸ್ಪತ್ರೆಯಲ್ಲೇ ಏರಿಸಬೇಕು. ಆದರೆ ಆಗ ಕೇಳಿಬರುವ ಮಾತು ಒಂದೇ: "ಇಲ್ಲಿ ಆಗಲ್ರಿ, ಬಳ್ಳಾರಿಗೆ ಕರ್ಕೊಂಡು ಹೋಗ್ರಿ." ಸಿರುಗುಪ್ಪದಿಂದ ಬಳ್ಳಾರಿಗೆ 50 ಕಿಲೋಮೀಟರಿಗೂ ಮಿಕ್ಕಿದ ದಾರಿ.

ಹಾಗೆ ಹೇಳುವ ಡ್ಯೂಟಿ ಡಾಕ್ಟರನ್ನು ಬೈಯುವುದು ಸುಲಭ. ಅವರ ಜಾಗದಲ್ಲಿ ನಿಂತು ನೋಡೋಣ. ನಾಗರ, ಕಟ್ಟುಹಾವಿನ ವಿಷ ಉಸಿರಾಟವನ್ನೇ ನಿಲ್ಲಿಸಬಹುದು, ಆಗ ಗಂಟಲಿಗೆ ನಳಿಕೆ ಇಳಿಸಿ ಉಸಿರು ನಡೆಸಬೇಕು. ಅರಿವಳಿಕೆ ತಜ್ಞರು ಒಬ್ಬರೇ ಇದ್ದರೆ ಅವರು ವಾರದ ಏಳೂ ರಾತ್ರಿ ಎಚ್ಚರ ಇರಲು ಸಾಧ್ಯವೇ? ರೋಗಿ ಅಲ್ಲೇ ತೀರಿಕೊಂಡರೆ ಹೊರಗೆ ನಿಂತ ಮೂವತ್ತು ಜನ ಯಾರ ಕಾಲರ್ ಹಿಡಿಯುತ್ತಾರೆ? ವೈದ್ಯರ ಮೇಲಿನ ಹಲ್ಲೆ ತಡೆಯಲು 2009ರಲ್ಲೇ ಕಾನೂನು ಬಂದಿದೆ. ರಾತ್ರಿ ಎರಡಕ್ಕೆ ಆ ಕಾನೂನು ವಾರ್ಡಿನಲ್ಲಿ ಬಂದು ನಿಲ್ಲುವುದಿಲ್ಲ. ರೆಫರ್ ಬರೆದರೆ ಎಲ್ಲರೂ ಬಚಾವು, ರೋಗಿಯೊಬ್ಬನ ಹೊರತು.

ಹೀಗೆ ಸಿರುಗುಪ್ಪ, ಕುರುಗೋಡು, ಸಂಡೂರು, ಗಡಿಯಾಚೆಯ ಆಂಧ್ರದ ಹಳ್ಳಿಗಳು ಎಲ್ಲವೂ ಬಂದು ಸೇರುವುದು ಬಳ್ಳಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ. ಹೊಸ ಹೆಸರಿಟ್ಟರೂ ಜನರ ಬಾಯಲ್ಲಿ ಅದು ಇನ್ನೂ ವಿಮ್ಸ್. 1961ರಲ್ಲಿ ಶುರುವಾದ ಆ ಕಾಲೇಜು ಇಲ್ಲದಿದ್ದರೆ ಈ ಸೀಮೆಯ ಗತಿ ಏನಾಗುತ್ತಿತ್ತೋ ಎಂದು ಯೋಚಿಸಿದರೇ ಭಯವಾಗುತ್ತದೆ.

ಇಂಥ ದೊಡ್ಡ ಆಸ್ಪತ್ರೆಗಳ ಬಗ್ಗೆ ಎಲ್ಲರೂ ತಪ್ಪು ತಿಳಿದಿರುವ ಸಂಗತಿಯೊಂದಿದೆ. ಕ್ಯಾಜುಯಲ್ಟಿ ತುಂಬಿದೆ ಎಂದರೆ ನೆಗಡಿ, ಜ್ವರದವರು ಬಂದು ತುಂಬಿದ್ದಾರೆ ಎಂದುಕೊಳ್ಳುತ್ತೇವೆ. ಅವರೂ ಇರುತ್ತಾರೆ, ಮಾತ್ರೆ ಈಸಿಕೊಂಡು ಹೋಗುತ್ತಾರೆ. ಜಾಗ ಹಿಡಿಯುವವರು ಅಡ್ಮಿಷನ್ ಬರೆಸಿಕೊಂಡೂ ವಾರ್ಡಿನಲ್ಲಿ ಬೆಡ್ ಸಿಗದೆ ಸ್ಟ್ರೆಚರ್ ಮೇಲೇ ಉಳಿದವರು. ಅವರು ಏಳುವವರೆಗೆ ಆಂಬುಲೆನ್ಸಿನಿಂದ ಇಳಿದವರನ್ನು ಮಲಗಿಸಲು ಸ್ಟ್ರೆಚರ್ ಇಲ್ಲ, ಡ್ರಿಪ್ ಬಾಟಲಿಯನ್ನು ಅಣ್ಣನೋ ಭಾವನೋ ಕೈಯಲ್ಲಿ ಎತ್ತಿ ಹಿಡಿದು ನಿಲ್ಲಬೇಕು. ಕಾಲುವೆಯ ಕೊನೆಯ ತೂಬು ಕಟ್ಟಿದರೆ ನೀರು ಮೇಲಿನ ಗದ್ದೆಗಳಲ್ಲಿ ಉಕ್ಕುವ ಹಾಗೆ ಇದು. ನೀತಿ ಆಯೋಗ 2021ರಲ್ಲಿ ಹೊರತಂದ ದೇಶಮಟ್ಟದ ವರದಿಯೂ ಜಾಗದ ಕೊರತೆಯನ್ನೇ ಹೇಳಿತು: ಸರ್ಕಾರಿ ಆಸ್ಪತ್ರೆಗಳ ಒಳರೋಗಿಗಳಲ್ಲಿ ತುರ್ತು ಪ್ರಕರಣಗಳ ಪಾಲು ಶೇ 19ರಿಂದ 24, ತುರ್ತು ಹಾಸಿಗೆಗಳ ಪಾಲು ಶೇ 3ರಿಂದ 5.

ಆದ್ದರಿಂದ, ಮಾನ್ಯರೇ, ಕಟ್ಟಡ ಕೇಳಲು ಈ ಪತ್ರ ಬರೆಯುತ್ತಿಲ್ಲ. ಕಟ್ಟಡದ ಉದ್ಘಾಟನೆ ನಮ್ಮಲ್ಲಿ ಎಂದೂ ನಿಲ್ಲುವುದಿಲ್ಲ, ಅದಕ್ಕೆ ಪತ್ರ ಬೇಡ. ಕೇಳುತ್ತಿರುವುದು ಹಣದ ದಿಕ್ಕು ಬದಲಿಸಿ ಎಂದು.

ಕಾರ್ಡಿನ ಹಣ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನಿಂದ ಆಸ್ಪತ್ರೆಗೆ ಬರುತ್ತದೆ, ಸರ್ಕಾರಿ ಆಸ್ಪತ್ರೆಗೂ ಬರುತ್ತದೆ. ತಾಲೂಕು ಆಸ್ಪತ್ರೆಗೆ ರಾತ್ರಿ ಬಂದ ರೋಗಿಯ ಮೊದಲ ಆರು ಗಂಟೆಗೆ, ಅಂದರೆ ಪ್ರತಿವಿಷ ಏರಿಸಿ, ಉಸಿರು ಕಾಯ್ದು, ರಕ್ತ ನಿಲ್ಲಿಸಿ, ರೋಗಿಯನ್ನು ಸ್ಥಿರಗೊಳಿಸುವ ಕೆಲಸಕ್ಕೆ, ಪ್ರತ್ಯೇಕ ಪ್ಯಾಕೇಜ್ ಮಾಡಿ. ರೋಗಿ ಆಮೇಲೆ ಬಳ್ಳಾರಿಗೆ ಹೋದರೂ ಆ ಹಣ ಸಿರುಗುಪ್ಪಕ್ಕೆ ಸಲ್ಲಲಿ. ಅದು ರಾತ್ರಿ ಕೆಲಸ ಮಾಡುವ ಡಾಕ್ಟರಿಗೂ ನರ್ಸಿಗೂ ಮುಟ್ಟಲಿ. ಈಗ ಕಷ್ಟಪಟ್ಟು ಉಳಿಸಿಕೊಂಡವರಿಗೂ ಕೈತೊಳೆದುಕೊಂಡು ರೆಫರ್ ಬರೆದವರಿಗೂ ವ್ಯತ್ಯಾಸವೇ ಇಲ್ಲ. ಇದು ಆಗದ ಮಾತಲ್ಲ ಎನ್ನುವುದಕ್ಕೆ ತಮ್ಮ ಇಲಾಖೆಯ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯೇ ಸಾಕ್ಷಿ: ಹೃದಯಾಘಾತಕ್ಕೆ ಇಸಿಜಿಯನ್ನು ತಾಲೂಕಿನಲ್ಲೇ ತೆಗೆದು, ದೂರದ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಪುಕ್ಕಟೆ ಕೊಡುವ ಏರ್ಪಾಡು. ಎದೆಗೆ ಮಾಡಿದ್ದನ್ನು ಹಾವು ಕಡಿತಕ್ಕೂ ಕ್ರಿಮಿನಾಶಕಕ್ಕೂ ಮಾಡಿ. 2024ರ ಫೆಬ್ರುವರಿಯಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು ತಾವೇ ಕಡ್ಡಾಯ ಮಾಡಿದ್ದೀರಿ. ಲೆಕ್ಕ ಕೈಯಲ್ಲಿದ್ದ ಮೇಲೆ ಔಷಧಿ ಎಲ್ಲಿರಬೇಕು ಎನ್ನುವುದೂ ಗೊತ್ತಾಗಬೇಕಲ್ಲ.

ಬಳ್ಳಾರಿಯಲ್ಲಿ ಚೇತರಿಸಿಕೊಂಡವರನ್ನು ವಾಪಸ್ ಕಳಿಸುವ ಪದ್ಧತಿಯೂ ಬೇಕು. ಆಪರೇಷನ್ ಆಗಿ, ಇನ್ನು ಬರೀ ಇಂಜೆಕ್ಷನ್ನು, ಡ್ರೆಸ್ಸಿಂಗು ಉಳಿದ ಕುರುಗೋಡಿನವರು ಕುರುಗೋಡಿನಲ್ಲೇ ಮಲಗಿದರೆ ಮನೆಯವರಿಗೆ ಊಟ ತರಲು ಹತ್ತಿರ, ಬಳ್ಳಾರಿಯಲ್ಲಿ ಒಂದು ಬೆಡ್ ಖಾಲಿ. ಇಲ್ಲಿ ಎದುರಾಗುವ ತೊಡಕು ತಮಗೆ ನನಗಿಂತ ಚೆನ್ನಾಗಿ ಗೊತ್ತು: ತಾಲೂಕು ಆಸ್ಪತ್ರೆ ತಮ್ಮ ಇಲಾಖೆಯದು, ಕಾಲೇಜು ಆಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಯದು. ಮೇಲೆ ಹೋಗುವ ರೋಗಿಗೆ ಚೀಟಿ ಇದೆ, ಕೆಳಗೆ ಬರುವವನಿಗೆ ಇಲ್ಲ. ಇಬ್ಬರು ಸಚಿವರು ಒಂದು ಮಧ್ಯಾಹ್ನ ಕೂತರೆ ಮುಗಿಯುವ ಕೆಲಸ ಇದು ಎಂದು ಹೊರಗಿನವನಾದ ನನಗೆ ಅನಿಸುತ್ತದೆ.

ಕೊನೆಗೆ ಸಂಜೆಯ ಮಾತು. ಜೀನ್ಸ್ ಹೊಲಿಯುವವರು, ಮೆಣಸಿನಕಾಯಿ ಬಿಡಿಸುವವರು ಕೆಲಸ ಬಿಟ್ಟು ಮನೆ ಸೇರುವ ಹೊತ್ತಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಒಪಿಡಿಗೂ ಸರ್ಕಾರದ ‘ನಮ್ಮ ಕ್ಲಿನಿಕ್’ಗೂ ಬೀಗ ಬಿದ್ದಿರುತ್ತದೆ. ಆಗ ತೆರೆದಿರುವುದು ಎರಡೇ ಜಾಗ, ಆರ್‌ಎಂಪಿ ಡಾಕ್ಟರ್ ಮನೆ ಮತ್ತು ದೊಡ್ಡಾಸ್ಪತ್ರೆಯ ಕ್ಯಾಜುಯಲ್ಟಿ. ಬೆಳಿಗ್ಗೆಯ ಎರಡು ಗಂಟೆ ಕಡಿತ ಮಾಡಿಯಾದರೂ ಆ ಕೇಂದ್ರ, ಕ್ಲಿನಿಕ್ಕುಗಳನ್ನು ರಾತ್ರಿ ಎಂಟರವರೆಗೆ ತೆರೆದಿಡಿ.

ಮುಂದಿನ ಸಲ ಬಳ್ಳಾರಿಗೆ ಬಂದಾಗ ಸಿರುಗುಪ್ಪ, ಕುರುಗೋಡಿನ ಆಸ್ಪತ್ರೆಗಳ ರೆಫರಲ್ ರಿಜಿಸ್ಟರ್ ತರಿಸಿ, ಒಂದೇ ಒಂದು ತಿಂಗಳಿನದು. ಕಳಿಸಿದ ಗಂಟೆ ಯಾವುದು, ಕಳಿಸುವ ಮುಂಚೆ ಏನು ಕೊಟ್ಟರು, ಬಳ್ಳಾರಿಗೆ ಫೋನ್ ಮಾಡಿ ಬೆಡ್ ಕೇಳಿದ್ದರೇ ಎಂಬ ಮೂರನ್ನು ಓದಿಸಿ ಕೇಳಿ. ಆ ತಿಂಗಳ ಲೆಕ್ಕವನ್ನು ಪತ್ರಿಕೆಗೆ ಕೊಡಿ, ನಾವೂ ಓದುತ್ತೇವೆ.

ತಮ್ಮ ವಿಶ್ವಾಸಿ,
ಸಂಗನಕಲ್ಲಿನ ಒಬ್ಬ ನಿವಾಸಿ