ಅವ್ವ ಬರೀಬ್ಯಾಡ ಅಂದ ಲೆಕ್ಕ

ಈ ಸಲ ಸಂಕ್ರಾಂತಿಗೆ ಊರಿಗೆ ಹೋದಾಗ ನನ್ನ ಬ್ಯಾಗಿನಲ್ಲಿ ಬಟ್ಟೆಗಿಂತ ಕಾಗದಗಳೇ ಹೆಚ್ಚಿದ್ದವು. ನಮ್ಮೂರು ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ, ತುಂಗಭದ್ರೆಯ ದಂಡೆ. ಮನೆಯವರೆಲ್ಲ ಸಜ್ಜಿ ರೊಟ್ಟಿ, ಎಣ್ಣೆಗಾಯಿ ಬುತ್ತಿ ಕಟ್ಟಿಕೊಂಡು ಹೊಳಿಗೆ ಹೋದರು. ನಾನು ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಹತ್ತು ದಿನ ಬಿಟ್ಟು ನನ್ನ ವಿಚ್ಛೇದನದ ಎರಡನೇ ಮಧ್ಯಸ್ಥಿಕೆ ಇತ್ತು.

ನಾವಿಬ್ಬರೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವರು. ಮದುವೆಯಾಗಿ ಐದು ವರ್ಷ. ಕೌಟುಂಬಿಕ ನ್ಯಾಯಾಲಯಕ್ಕೆ ಹೋದ ಪ್ರಕರಣವನ್ನು ಮೊದಲು ಮಾತಿನಲ್ಲಿ ಬಗೆಹರಿಸಲು ನೋಡುತ್ತಾರೆ. ಇಂಥ ಕೆಲಸಕ್ಕೆಂದೇ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ಇದೆ. ಮೊದಲ ದಿನ ನಾವು ಜಗಳ ಶುರು ಮಾಡುತ್ತಿದ್ದಂತೆ ಮಧ್ಯಸ್ಥರು ತಡೆದು, "ಮುಂದಿನ ಸಲ ಇಬ್ಬರೂ ನಿಮ್ಮ ಆದಾಯ, ಖರ್ಚು, ಆಸ್ತಿ, ಸಾಲ ಬರೆದುಕೊಂಡು ಬನ್ನಿ. ಸಿಟ್ಟಿನ ಮಾತು ಆಮೇಲೆ ಆಡೋಣ" ಅಂದಿದ್ದರು.

ಜೀವನಾಂಶದ ಪ್ರಕರಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು, ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಹೇಳಿದೆ. ತೀರ್ಪಿನ ಜೊತೆ ನಮೂನೆಯೂ ಇದೆ. ಒಕ್ಕಲುತನದವರಿಗೆ ಬೇರೆಯೇ ನಮೂನೆ. ನಾನು ಜೀವನಾಂಶ ಕೇಳಿರಲಿಲ್ಲ. ಆದರೂ ನನ್ನ ವಕೀಲರು ಅದನ್ನೇ ಕೈಗಿಟ್ಟು, "ಇದನ್ನ ತುಂಬಿದರೆ ಏನೂ ಬಿಟ್ಟುಹೋಗಲ್ಲ" ಅಂದರು.

ಒಂದು ತಾಸಿನ ಕೆಲಸ ಅಂದುಕೊಂಡಿದ್ದೆ. ಎರಡು ದಿನ ಹಿಡಿಯಿತು. ತಿಂಗಳ ಖರ್ಚು ನೆನಪಿನಿಂದ ಬರೆದಾಗ 30,000 ಬಂತು. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಕೂಡಿಸಿದರೆ 47,000! ಆಟೋ, ಆನ್‌ಲೈನ್ ಊಟ, ಔಷಧಿ ಯಾವುದೂ ನೆನಪಿನಲ್ಲಿ ಇರಲೇ ಇಲ್ಲ. ಸಂಬಳಕ್ಕೆ ಫಾರ್ಮ್ 16, ಪಿಎಫ್‌ಗೆ ಪಾಸ್‌ಬುಕ್, ಮನೆ ಸಾಲಕ್ಕೆ ಬ್ಯಾಂಕಿನ ಪತ್ರ, ಹೀಗೆ ಒಂದೊಂದನ್ನೂ ಪಕ್ಕದಲ್ಲಿಟ್ಟುಕೊಂಡು ತುಂಬಿದೆ. ಫ್ಲ್ಯಾಟಿಗೆ ಮೊದಲು ಕೊಟ್ಟ 12 ಲಕ್ಷದಲ್ಲಿ ನನ್ನದು 5 ಲಕ್ಷ ಎನ್ನುವುದಕ್ಕೆ ಹಳೆಯ ವರ್ಗಾವಣೆಯ ದಾಖಲೆ ಸಿಕ್ಕಿತು. ನಮ್ಮ ಕಾನೂನಿನಲ್ಲಿ ಮದುವೆಯಾಗಿದ್ದೇವೆ ಅನ್ನುವ ಕಾರಣಕ್ಕೇ ಆಸ್ತಿ ಅರ್ಧರ್ಧ ಆಗುವುದಿಲ್ಲ. ಯಾರ ಹೆಸರು, ಯಾರ ದುಡ್ಡು ಎಂಬುದಕ್ಕೆ ಕಾಗದ ಬೇಕು.

ಬಂಗಾರದ ಲೆಕ್ಕ ಅವ್ವನ ಹತ್ತಿರ ಇತ್ತು. ಮದುವೆಗೆ ಹಾಕಿದ ಎಂಟು ತೊಲಿ, ಒಡವೆ ಒಡವೆಗೂ ರಸೀದಿ ಇಟ್ಟಿದ್ದಳು. ಅದು ಸ್ತ್ರೀಧನ, ಪೂರಾ ನನ್ನದೇ. ರಸೀದಿ ಇಲ್ಲದವರು ಮದುವೆಯ ಫೋಟೋಗಳನ್ನಾದರೂ ಹುಡುಕಿ ಇಟ್ಟುಕೊಳ್ಳಿ.

"ನಮ್ಮ ಕಾಲದಾಗ ಸೋಡಚೀಟಿ ಅಂದ್ರ ಹಿರ್ಯಾರು ಕುಂತು ಒಂದ ದಿನದಾಗ ಮುಗಸ್ತಿದ್ರು. ಇಷ್ಟೊಂದು ಕಾಗದ ಯಾಕವಾ?" ಅಂದಳು ಅವ್ವ. ಹಾಗೆ ಮುಗಿಸಿದಾಗ ಹೆಣ್ಣುಮಕ್ಕಳ ಕೈಗೆ ಏನು ಬರುತ್ತಿತ್ತು ಅಂತ ಕೇಳಿದೆ. ಅವ್ವ ಉತ್ತರ ಕೊಡಲಿಲ್ಲ.

ಎರಡನೇ ದಿನ ಆದಾಯ ತೆರಿಗೆ ಜಾಲತಾಣದಿಂದ ಎಐಎಸ್ ಇಳಿಸಿಕೊಂಡೆ. ನಮ್ಮ ಪ್ಯಾನ್ ನಂಬರಿಗೆ ಎಲ್ಲಿಂದ ಬಡ್ಡಿ ಬಂತು, ಎಲ್ಲಿ ಷೇರು ಕೊಂಡೆವು ಎಂಬ ವಿವರ ಅದರಲ್ಲಿರುತ್ತದೆ. ಪ್ರತಿ ವರ್ಷ ರಿಟರ್ನ್ ತುಂಬುತ್ತಿದ್ದವರು ಆಡಿಟರ್, ನಾನು ಬರೀ ಓಟಿಪಿ ಹೇಳುತ್ತಿದ್ದೆ. ಹಾಗಾಗಿ ಮುಂಡರಗಿಯ ಬ್ಯಾಂಕೊಂದರ ಬಡ್ಡಿಯ ಸಾಲನ್ನು ಅವತ್ತೇ ಮೊದಲು ನೋಡಿದ್ದು.

ಅವ್ವನನ್ನು ಕೇಳಿದರೆ, "ನೀ ತಿಂಗಳಾ ಕಳಸ್ತಿದ್ದೆಲ್ಲಾ, ಅದು" ಅಂದಳು. ತಿಂಗಳಿಗೆ 5,000 ಕಳಿಸುತ್ತಿದ್ದೆ. ಅದರಲ್ಲಿ ಒಂದು ಪೈಸೆ ಮುಟ್ಟದೆ ನನ್ನ ಹೆಸರಿನಲ್ಲೇ ಆರ್‌ಡಿ ಕಟ್ಟಿದ್ದಳು. ಯಾವಾಗಲೋ ಜಾತ್ರಿಗೆ ಬಂದಾಗ ಸಹಿ ಮಾಡು ಅಂದಿದ್ದಳು, ಮಾಡಿದ್ದೆ. ನಾಲ್ಕು ವರ್ಷಕ್ಕೆ ಬಡ್ಡಿ ಬಿಟ್ಟು 2,40,000.

ಓದುಗರಿಗೆ ಹೇಳಬೇಕಾದ್ದು ಇಲ್ಲಿದೆ. ನಮ್ಮ ಮನೆಯ ಅರ್ಧ ಜಗಳ ಈ 5,000ದ್ದೇ ಆಗಿತ್ತು. "ನಿನ್ನ ದುಡ್ಡೆಲ್ಲ ಊರಿಗೆ ಹೋಗ್ತದೆ" ಅಂತ ಅವರು, "ಅಪ್ಪನ ಔಷಧಿಗೆ" ಅಂತ ನಾನು. ಈಗ ಈ ಸಾಲು ಬರೆದರೆ ನಾಲ್ಕು ವರ್ಷ ನಾನು ಸುಳ್ಳು ಹೇಳಿದಂತೆ ಕಾಣುತ್ತದೆ.

"ಬರೀಬ್ಯಾಡ. ಅದು ಅವನ ರೊಕ್ಕ ಅಲ್ಲ, ನಾಳೆ ನಿನಗ ಬೇಕು" ಅಂದಳು ಅವ್ವ.

ರಾತ್ರಿ ಆ ಸಾಲು ಅಳಿಸಿದೆ. ಬೆಳಿಗ್ಗೆ ಮತ್ತೆ ಬರೆದೆ. ಅವರು ಏನೋ ಮುಚ್ಚಿಟ್ಟಿದ್ದಾರೆ ಅನ್ನುವುದೇ ನನ್ನ ದೊಡ್ಡ ದೂರಾಗಿತ್ತು. ನಾನೇ ಒಂದು ಮುಚ್ಚಿಟ್ಟು ಆ ದೂರು ಹೇಳುವುದು ಹೇಗೆ? ಅಲ್ಲದೆ ಬರೆದ ಮಾತ್ರಕ್ಕೆ ಆ ದುಡ್ಡು ಅವರದಾಗುವುದಿಲ್ಲ ಎಂದು ವಕೀಲರು ಫೋನಿನಲ್ಲಿ ಹೇಳಿದರು. ಬಚ್ಚಿಟ್ಟು ಸಿಕ್ಕಿಬಿದ್ದರೆ ಮಾತ್ರ ನನ್ನ ಉಳಿದ ಲೆಕ್ಕವನ್ನೂ ಯಾರೂ ನಂಬುವುದಿಲ್ಲವಂತೆ.

ಮಧ್ಯಸ್ಥಿಕೆಯ ದಿನ ಅವರು ಆ ಸಾಲಿನ ಮೇಲೆ ಬೆರಳಿಟ್ಟು, "ಇದು ಖರ್ಚೇ ಆಗಿಲ್ವಾ?" ಅಂದರು. "ನನಗೂ ಮೊನ್ನೆ ಗೊತ್ತಾಯ್ತು" ಅಂದೆ. ನಂಬಿದರೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಆದರೆ ಮುಂದಿನ ಸಲ ಅವರ ಹಾಳೆಯಲ್ಲಿ ಒಂದು ಹೊಸ ಸಾಲಿತ್ತು. ಷೇರಿನಲ್ಲಿ ಕಳೆದುಕೊಂಡಿದ್ದಕ್ಕೆ ತೆಗೆದ ವೈಯಕ್ತಿಕ ಸಾಲ, 6 ಲಕ್ಷ. ರಾತ್ರಿಯೆಲ್ಲ ನಿದ್ದೆ ಮಾಡದೆ ಸಿಡುಕುತ್ತಿದ್ದ ಆ ವರ್ಷ ಯಾಕೆ ಹಾಗಿತ್ತು ಅಂತ ನನಗೆ ಅರ್ಥವಾಗಿದ್ದು ಆವತ್ತು.

ನಾವು ಮತ್ತೆ ಒಂದಾಗುತ್ತಿಲ್ಲ. ಫ್ಲ್ಯಾಟಿನ ಮಾತು ಇನ್ನೂ ಮುಗಿದಿಲ್ಲ. ಸಾಲ ಇಬ್ಬರ ಹೆಸರಿನಲ್ಲಿದ್ದರೆ ನಮ್ಮಿಬ್ಬರ ಒಪ್ಪಂದ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಬ್ಯಾಂಕ್ ಒಪ್ಪಿ ಹೆಸರು ತೆಗೆಯುವ ತನಕ ಇಬ್ಬರೂ ಹೊಣೆ. ಆದರೆ ಈಗ ಕೂತಾಗ ಅಂಕಿಗಳ ಬಗ್ಗೆ ಮಾತಾಡುತ್ತೇವೆ, ಅವ್ವ ಅಪ್ಪನ ಬಗ್ಗೆ ಅಲ್ಲ.

ಡೈವೋರ್ಸಿನ ಹೊಸ್ತಿಲಲ್ಲಿ ಇರುವವರಿಗೆ ಮಾತ್ರ ಅಲ್ಲ, ಚೆನ್ನಾಗಿ ಸಂಸಾರ ಮಾಡುತ್ತಿರುವವರಿಗೂ ಒಂದು ಮಾತು. ಒಂದು ಭಾನುವಾರ ಇಬ್ಬರೂ ಕೂತು ಈ ಹಾಳೆ ತುಂಬಿ. ನಾವು ಅದನ್ನು ಮೂರನೆಯವರ ಮುಂದೆ ತುಂಬಬೇಕಾಯಿತು.

ಅವ್ವನಿಗೆ ಬರೆದೆ ಅಂತ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಈ ತಿಂಗಳದ್ದು ಕಳಸಬ್ಯಾಡ. ನೀನ ಇಟಗೋ" ಅಂದಳು. ನಾನು ಕಳಿಸಿದೆ.