ನಿಂತ ಸ್ಕೂಟರಿನಿಂದ ಬಿದ್ದರೂ ಪೆಟ್ಟು ಪೆಟ್ಟೇ

ಬೆಳಗಿನ ಹೊತ್ತು ಯಾವುದಾದರೂ ಶಾಲೆಯ ಗೇಟಿನ ಬಳಿ ನಿಂತು ನೋಡಿ. ಸ್ಕೂಟರ್ ಓಡಿಸುವ ಅಪ್ಪನ ತಲೆಗೆ ಹೆಲ್ಮೆಟ್ ಇರುತ್ತದೆ; ಹಿಂದೆ ಕುಳಿತ ಮಗಳ ಜಡೆಗಳು ಗಾಳಿಗೆ ಹಾರುತ್ತಿರುತ್ತವೆ. ಕೇಳಿದರೆ ಉತ್ತರ ಸಿದ್ಧ: "ಮನೆ ಇಲ್ಲೇ ಹತ್ತಿರ, ನಿಧಾನಕ್ಕೇ ಬರ್ತೀವಿ."

ಈ ಉತ್ತರವನ್ನು ಒಂಬತ್ತನೆಯ ತರಗತಿಯ ಭೌತಶಾಸ್ತ್ರವೇ ಪರೀಕ್ಷಿಸಬಲ್ಲದು. ಸೀಟಿನಲ್ಲಿ ಕುಳಿತವರ ತಲೆ ನೆಲದಿಂದ 1.5 ಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಳ್ಳೋಣ. ಅಲ್ಲಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 5.4 ಮೀಟರ್, ಅಂದರೆ ಗಂಟೆಗೆ ಸುಮಾರು 19 ಕಿಲೋಮೀಟರ್. ಈ ಲೆಕ್ಕದಲ್ಲಿ ಸ್ಕೂಟರಿನ ವೇಗ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. ಗಾಡಿ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಉರುಳಿದರೂ ತಲೆ ನೆಲಕ್ಕೆ ಬಡಿಯುವ ವೇಗ ಹೆಚ್ಚುಕಡಿಮೆ ಇಷ್ಟೇ. ಓಡುವ ಗಾಡಿಯಾದರೆ ಅದರ ವೇಗ ಬೇರೆ.

ಪೆಟ್ಟಿನ ತೀವ್ರತೆ ಆ ವೇಗ ಎಷ್ಟು ದೂರದಲ್ಲಿ ಸೊನ್ನೆಯಾಯಿತು ಎಂಬುದನ್ನು ಅವಲಂಬಿಸಿದೆ. ಬರಿದಲೆ 2 ಮಿಲಿಮೀಟರಿನೊಳಗೆ ನಿಂತುಬಿಟ್ಟರೆ, 1500ನ್ನು 2ರಿಂದ ಭಾಗಿಸಿ: ಗುರುತ್ವದ 750 ಪಟ್ಟು. ಹೆಲ್ಮೆಟ್ಟಿನೊಳಗಿನ ಥರ್ಮೋಕೋಲ್ 20 ಮಿಲಿಮೀಟರ್ ಕುಗ್ಗಿದರೆ 75 ಪಟ್ಟು. ಲೆಕ್ಕ ಒರಟಾದದ್ದು ನಿಜ, ಆದರೆ ವ್ಯತ್ಯಾಸ ಹತ್ತು ಪಟ್ಟು!

ಹೊರಗಿನ ಗಟ್ಟಿ ಚಿಪ್ಪೇ ತಲೆ ಕಾಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಚಿಪ್ಪು ಪೆಟ್ಟನ್ನು ಹರಡುತ್ತದೆ, ಚೂಪು ಕಲ್ಲನ್ನು ತಡೆಯುತ್ತದೆ. ಪೆಟ್ಟನ್ನು ನುಂಗುವುದು ಮಾತ್ರ ಒಳಗಿನ ಥರ್ಮೋಕೋಲ್. ಅದಿಲ್ಲದ, ರಸ್ತೆಬದಿಯಲ್ಲಿ ಮಾರುವ ಟೋಪಿಯಂಥ ಹೆಲ್ಮೆಟ್ ಪೊಲೀಸರ ಕಣ್ಣಿಗೆ ಸಾಕಾಗಬಹುದು, ನೆಲಕ್ಕೆ ಸಾಕಾಗದು. ಥರ್ಮೋಕೋಲ್ ಒಮ್ಮೆ ಜಜ್ಜಿದರೆ ಮತ್ತೆ ಉಬ್ಬುವುದಿಲ್ಲ. ಆದ್ದರಿಂದ ಅಪಘಾತ ಕಂಡ ಹೆಲ್ಮೆಟ್, ಹೊರಗೆ ಗೀರೂ ಇಲ್ಲದಿದ್ದರೂ, ಮತ್ತೆ ಬಳಸುವಂತಿಲ್ಲ.

'ಅರೇಬಿಯಾದ ಲಾರೆನ್ಸ್' ಎಂದು ಹೆಸರಾದ ಟಿ. ಇ. ಲಾರೆನ್ಸ್ 1935ರಲ್ಲಿ ಇಂಗ್ಲೆಂಡಿನಲ್ಲಿ ಮೋಟಾರ್‌ಸೈಕಲ್ಲಿನಿಂದ ಬಿದ್ದು, ಆರು ದಿನಗಳ ನಂತರ ತೀರಿಕೊಂಡರು. ತಲೆಗೆ ಹೆಲ್ಮೆಟ್ ಇರಲಿಲ್ಲ. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಮಿದುಳಿನ ಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ 1941ರಲ್ಲಿ ಮೋಟಾರ್‌ಸೈಕಲ್ ಸವಾರರ ತಲೆಗಾಯಗಳ ಬಗ್ಗೆ ಅಧ್ಯಯನ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು.

ಬಿದ್ದವರು ಜಾರುತ್ತಾರೆ ಕೂಡ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ, ಘರ್ಷಣಾಂಕ 0.7 ಎಂದುಕೊಂಡರೆ, ಸುಮಾರು 9 ಮೀಟರ್. ಕೈ ತಾನಾಗಿ ಮುಂದೆ ಬರುವುದರಿಂದ ಅಂಗೈ ಮೊದಲು ಸುಲಿಯುತ್ತದೆ. ಕೈಗವಸು, ದಪ್ಪ ಜಾಕೆಟ್, ಶೂ ಬೇಕಾಗುವುದು ಇಲ್ಲಿ. ತೆಳು ಹತ್ತಿಯ ಸಮವಸ್ತ್ರ ಡಾಂಬರಿನ ಮುಂದೆ ನಿಲ್ಲದು.

ಭಾರತದ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. ಕೊಳ್ಳುವಾಗ ಐಎಸ್ಐ ಗುರುತು ನೋಡಿ. ಹುಬ್ಬಿನ ಮೇಲಿನಿಂದ ಮಗುವಿನ ತಲೆಯ ಸುತ್ತ ಟೇಪು ಹಿಡಿದು ಅಳತೆ ಬರೆದುಕೊಂಡೇ ಅಂಗಡಿಗೆ ಹೋಗಿ. ಬೆಳೆಯುವ ಮಗು ಎಂದು ಸಮವಸ್ತ್ರವನ್ನು ಒಂದು ಸೈಜು ದೊಡ್ಡದು ತರುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಹೆಲ್ಮೆಟ್ಟನ್ನು ಹಾಗೆ ತಂದರೆ, ಬೀಳುವಾಗ ತಲೆಗಿಂತ ಮೊದಲು ಅದೇ ಕಳಚಿ ಉರುಳುತ್ತದೆ.