ಎರಡು ಗೆರೆ ಮೂಡಿದ ಮೇಲೆ

ಭಾರತದಲ್ಲಿ ಕೋವಿಡ್‌ಗೆ ಮೊದಲು ಬಲಿಯಾದವರು ಕಲಬುರಗಿಯ ಒಬ್ಬ ಹಿರಿಯರು. ಅವರು ತೀರಿಕೊಂಡದ್ದು 2020ರ ಮಾರ್ಚ್ 10ರಂದು. ಸೋಂಕು ಇದ್ದದ್ದು ಖಚಿತವಾದದ್ದು 12ರಂದು. ಆಗ ಈ ರೋಗಕ್ಕೆ ಔಷಧವೇ ಇರಲಿಲ್ಲವಾದ್ದರಿಂದ ಆ ಎರಡು ದಿನಗಳ ತಡವನ್ನು ಯಾರ ತಲೆಗೂ ಕಟ್ಟುವಂತಿಲ್ಲ. ಪರೀಕ್ಷೆ ಮನೆಬಾಗಿಲಿಗೆ ಬಂದ ನಂತರದ ವರ್ಷಗಳ ಲೆಕ್ಕವನ್ನು ಮಾತ್ರ ಅಷ್ಟು ಸುಲಭವಾಗಿ ಚುಕ್ತಾ ಮಾಡಲಾಗದು.

2021ರ ಮೇ ತಿಂಗಳು. ಎರಡನೇ ಅಲೆಯಲ್ಲಿ ಆರ್‌ಟಿ–ಪಿಸಿಆರ್ ವರದಿಗಾಗಿ ಜನ ದಿನಗಟ್ಟಲೆ ಕಾಯುತ್ತಿದ್ದಾಗ, ಪುಣೆಯ ಮೈಲ್ಯಾಬ್ ತಯಾರಿಸಿದ ‘ಕೋವಿಸೆಲ್ಫ್’ ಕಿಟ್‌ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಒಪ್ಪಿಗೆ ಕೊಟ್ಟಿತು. ಆಗಿನ ಬೆಲೆ 250 ರೂಪಾಯಿ. ಮೂಗಿನಲ್ಲಿ ಕಡ್ಡಿ ತಿರುಗಿಸಿ, ದ್ರಾವಣದಲ್ಲಿ ಅದ್ದಿ, ಹನಿ ಹಾಕಿ ಹದಿನೈದು ನಿಮಿಷ ಕಾದರೆ ಫಲಿತಾಂಶ; ಎರಡು ಗೆರೆ ಮೂಡಿದರೆ ಸೋಂಕಿದೆ ಎಂದರ್ಥ. ಮೊಬೈಲ್ ಆ್ಯಪ್‌ನಲ್ಲಿ ಅದರ ಫೋಟೊ ಏರಿಸಬೇಕು. ರೋಗಲಕ್ಷಣ ಇದ್ದವರು, ಸೋಂಕಿತರ ಸಂಪರ್ಕಕ್ಕೆ ಬಂದವರು ಮಾತ್ರ ಬಳಸಬೇಕೆಂದು ಐಸಿಎಂಆರ್ ಹೇಳಿತ್ತು. ಹೇಳಿದ್ದನ್ನು ಕೇಳಿದವರೆಷ್ಟು ಮಂದಿಯೋ! ಇಡೀ 2021ರಲ್ಲಿ ಸರ್ಕಾರದ ಲೆಕ್ಕಕ್ಕೆ ಸಿಕ್ಕ ಮನೆ ಪರೀಕ್ಷೆಗಳು ಸುಮಾರು 3 ಸಾವಿರ. ಓಮೈಕ್ರಾನ್ ಬಂದ 2022ರ ಜನವರಿಯಲ್ಲಿ ಮೊದಲ ಇಪ್ಪತ್ತೇ ದಿನಗಳಲ್ಲಿ ಅದು 2 ಲಕ್ಷದ ಹತ್ತಿರ ಹೋಯಿತು. ಆ್ಯಪ್ ಮುಟ್ಟದೆ ಕಸದ ಬುಟ್ಟಿ ಸೇರಿದವು ಈ ಲೆಕ್ಕದ ಹೊರಗಿವೆ.

ಮದುವೆಗೆ ಹೋಗಬಹುದೇ, ಆಫೀಸಿಗೆ ಹೋಗಬಹುದೇ ಎಂದು ತಿಳಿಯಲು ಗಟ್ಟಿಮುಟ್ಟಾದವರು ಕಿಟ್ ಕೊಂಡರು. ಅದರಲ್ಲೇನೂ ತಪ್ಪಿಲ್ಲ. ಕಿಡ್ನಿ ಕಸಿ ಮಾಡಿಸಿಕೊಂಡವರು, ಡಯಾಲಿಸಿಸ್‌ನಲ್ಲಿರುವವರು, ಕಿಮೊ ಪಡೆಯುತ್ತಿರುವವರು ಕೇಳುವ ಪ್ರಶ್ನೆ ಬೇರೆ: ಎರಡು ಗೆರೆ ಬಂದರೆ ಇವತ್ತೇ ಯಾರಿಗೆ ಫೋನ್ ಮಾಡಬೇಕು, ಯಾವ ಮಾತ್ರೆ ತೆಗೆದುಕೊಳ್ಳಬೇಕು? ಡಬ್ಬಿಯೊಳಗಿನ ಚೀಟಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ, ವ್ಯವಸ್ಥೆಯಲ್ಲೂ ಇರಲಿಲ್ಲ. ಹಾಗೆಂದು ಅವರು ಯಾರೆಂದು ಸರ್ಕಾರಕ್ಕೆ ಗೊತ್ತಿರಲಿಲ್ಲವೆನ್ನುವಂತಿಲ್ಲ. 2022ರ ಜನವರಿ 10ರ ಸೂಚನೆಯಲ್ಲಿ ಐಸಿಎಂಆರ್, ಸಂಪರ್ಕಿತರಲ್ಲಿ 60 ದಾಟಿದವರು ಮತ್ತು ಸಕ್ಕರೆ ಕಾಯಿಲೆ, ಕ್ಯಾನ್ಸರ್, ಕಿಡ್ನಿ ತೊಂದರೆಯಂಥವು ಇದ್ದವರಿಗೆ ಮಾತ್ರ ಪರೀಕ್ಷೆ ಸಾಕೆಂದಿತು. ಅಪಾಯ ಯಾರಿಗೆಂದು ಗುರುತಿಸಿದ ಆ ಕಾಗದ ಅಲ್ಲಿಗೇ ನಿಂತಿತು.

ಇಂಗ್ಲೆಂಡ್ ಗುರುತಿಸುವಲ್ಲಿಗೇ ನಿಲ್ಲಿಸಿರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ಅತಿ ಹೆಚ್ಚು ಅಪಾಯದಲ್ಲಿರುವ ಸುಮಾರು 13 ಲಕ್ಷ ಜನರನ್ನು ಹೆಸರು ಹಿಡಿದು ಗುರುತಿಸಿ ಪತ್ರ ಬರೆಯಿತು. ಪರೀಕ್ಷೆಯ ಕಿಟ್ ಮನೆಗೆ ಬಂತು. ಪಾಸಿಟಿವ್ ಆದರೆ ಔಷಧ ಕೊಡಲು ಘಟಕಗಳು ಸಿದ್ಧವಿದ್ದವು. 2022ರ ಏಪ್ರಿಲ್‌ನಲ್ಲಿ ಜನಸಾಮಾನ್ಯರಿಗೆ ಉಚಿತ ಕಿಟ್ ನಿಂತರೂ ಇವರಿಗೆ ನಿಲ್ಲಲಿಲ್ಲ. 2023ರ ನವೆಂಬರ್‌ನಿಂದ ಹತ್ತಿರದ ಔಷಧದಂಗಡಿಯಲ್ಲೇ ಪಡೆಯುವಂತಾಯಿತು. ಆ ಪಟ್ಟಿಯ ಬಗ್ಗೆ ಅಲ್ಲಿಯೂ ತಕರಾರುಗಳಿದ್ದವು. ಆದರೂ ಪಟ್ಟಿ ಅಂತ ಒಂದಿತ್ತು.

ಇಷ್ಟು ಅವಸರ ಯಾಕೆಂದರೆ ಔಷಧಕ್ಕೆ ಗಡುವಿದೆ. ಪ್ಯಾಕ್ಸ್‌ಲೋವಿಡ್ ಮಾತ್ರೆಯನ್ನು ಲಕ್ಷಣ ಕಂಡ ಐದು ದಿನದೊಳಗೆ ಶುರು ಮಾಡಬೇಕು. ಲಸಿಕೆ ಪಡೆಯದ, ಅಪಾಯ ಹೆಚ್ಚಿದ್ದವರ ಮೇಲೆ ನಡೆದ ಪ್ರಯೋಗದಲ್ಲಿ ಅದು ಆಸ್ಪತ್ರೆ ಸೇರುವುದನ್ನೂ ಸಾವನ್ನೂ ಶೇ 90ರ ಆಸುಪಾಸು ತಗ್ಗಿಸಿತ್ತು. 2022ರ ಏಪ್ರಿಲ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬಲವಾಗಿ ಶಿಫಾರಸು ಮಾಡಿತು. ಅದೇ ತಿಂಗಳು ಹೈದರಾಬಾದಿನ ಹೆಟೆರೊ ಕಂಪನಿಯ ಜನರಿಕ್‌ಗೂ ಇಲ್ಲಿ ಅನುಮತಿ ಸಿಕ್ಕಿತು. ಕಿಟ್ ಇತ್ತು, ಮಾತ್ರೆಯೂ ಬಂತು. ಎರಡನ್ನೂ ಜೋಡಿಸುವವರು ಇರಲಿಲ್ಲ. ಜೋಡಿಸುವುದೆಂದರೆ ಮಾತ್ರೆ ಹಂಚುವುದಷ್ಟೇ ಅಲ್ಲ. ಕಸಿ ಮಾಡಿಸಿಕೊಂಡವರು ಸೇವಿಸುವ ಟ್ಯಾಕ್ರೊಲಿಮಸ್‌ನ ಪ್ರಮಾಣವನ್ನು ಇದರಲ್ಲಿರುವ ರಿಟೊನಾವಿರ್ ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಿಸುತ್ತದೆ. ಅವರಿಗೆ ಮೂರು ದಿನಗಳ ರೆಮ್‌ಡಿಸಿವಿರ್ ಸರಿಹೋಗಬಹುದು. ಅದನ್ನು ನಿರ್ಧರಿಸಲು ಅವರ ಕಡತ ಬಲ್ಲ ವೈದ್ಯರೇ ಬೇಕು, ಅದೂ ಐದು ದಿನದೊಳಗೆ.

ಕಿಟ್‌ನ ಮೇಲೆ ಅತಿ ನಂಬಿಕೆಯೂ ಸಲ್ಲದು. 2022ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಇಂಥ ಆಂಟಿಜೆನ್ ಪರೀಕ್ಷೆ, ಲಕ್ಷಣ ಇರುವ ಸೋಂಕಿತರಲ್ಲಿ ನೂರಕ್ಕೆ 73 ಮಂದಿಯನ್ನು ಹಿಡಿಯುತ್ತದೆ, ಲಕ್ಷಣ ಇಲ್ಲದವರಲ್ಲಿ ಸುಮಾರು 55 ಮಂದಿಯನ್ನು. ಒಂದೇ ಗೆರೆ ಬಂತೆಂದು ನಿಟ್ಟುಸಿರು ಬಿಟ್ಟು ಜ್ವರದ ಮಾತ್ರೆ ನುಂಗಿ ಮಲಗಿದರೆ, ಗಡುವೇ ಮೀರಿಹೋಗಬಹುದು. ಅಪಾಯ ಹೆಚ್ಚಿದ್ದವರು 48 ಗಂಟೆ ಬಿಟ್ಟು ಮತ್ತೆ ನೋಡಿಕೊಳ್ಳಬೇಕು, ಇಲ್ಲವೇ ನೇರ ಆರ್‌ಟಿ–ಪಿಸಿಆರ್ ಮಾಡಿಸಬೇಕು. ಅಂದರೆ ಒಬ್ಬರಿಗೆ ಒಂದು ಕಿಟ್ ಸಾಲದು. 2021ರ ಬೆಲೆಯಲ್ಲೇ 250 ರೂಪಾಯಿಯ ಲೆಕ್ಕ ಕೂಲಿಯವರ ಮನೆಯಲ್ಲಿ 500 ಆಗುತ್ತಿತ್ತು.

ಕಿಟ್, ಮಾತ್ರೆ, ವೈದ್ಯರನ್ನು ಜೋಡಿಸಲು ಕರ್ನಾಟಕದಲ್ಲಿ ಹೊಸ ಇಲಾಖೆ ಕಟ್ಟಬೇಕಾಗಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಹೋಗಿ ಬಿಪಿ, ಸಕ್ಕರೆ ನೋಡುತ್ತಾರೆ. ತಾಲ್ಲೂಕು ಆಸ್ಪತ್ರೆಗಳ ಡಯಾಲಿಸಿಸ್ ಕೇಂದ್ರಗಳಿಗೆ ಅದೇ ರೋಗಿಗಳು ವಾರಕ್ಕೆರಡು ಮೂರು ಸಲ ಬರುತ್ತಾರೆ. ಅಂಗಾಂಗ ಕಸಿಯ ದಾಖಲೆಗಳು ರಾಜ್ಯದ ಕಸಿ ಸಂಸ್ಥೆಯಾದ ‘ಜೀವಸಾರ್ಥಕತೆ’ಯಲ್ಲಿವೆ. ಹೆಸರು, ವಿಳಾಸ, ಫೋನ್ ನಂಬರ್ ಎಲ್ಲವೂ ಸರ್ಕಾರದ ಕೈಯಲ್ಲೇ ಇವೆ. ಪ್ರತಿ ರೋಗಿಗೂ ಎರಡು ಕಿಟ್, ಒಂದು ಫೋನ್ ನಂಬರ್, ಜಿಲ್ಲಾಸ್ಪತ್ರೆಯಲ್ಲಿ ಔಷಧದ ಒಂದಿಷ್ಟು ದಾಸ್ತಾನು ಕೊಡುವುದು ಮುಂದಿನ ಬಜೆಟ್‌ಗೆ ಭಾರವಾಗಲಾರದು. ಒಂದು ಎಚ್ಚರ ಮಾತ್ರ ಬೇಕು: ಈ ಕಿಟ್‌ಗಳನ್ನು 30 ಡಿಗ್ರಿಯೊಳಗೆ ಇಡಬೇಕು. ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ತಗಡಿನ ಮನೆಯೊಳಗೆ ಅದು ಆಗದ ಮಾತು. ಅಲ್ಲಿ ಕಿಟ್‌ಗಳನ್ನು ಡಯಾಲಿಸಿಸ್ ಕೇಂದ್ರದಲ್ಲೇ ತಂಪಾಗಿ ಇಟ್ಟು, ಜ್ವರ ಎಂದು ಫೋನ್ ಬಂದ ದಿನವೇ ಆಶಾ ಕಾರ್ಯಕರ್ತೆಯ ಕೈಯಲ್ಲಿ ಮನೆಗೆ ಕಳಿಸುವುದು ಮೇಲು. ಆ ಓಡಾಟಕ್ಕೂ ಆಕೆಗೆ ಭತ್ಯೆ ಗೊತ್ತುಮಾಡಬೇಕು.